ನುಡಿದಂತೆ ನಡೆಯುವುದು: ಸೊಲ್ಲಾಪುರ ಸೀಮೆಯ ಮೂರು ನಿದರ್ಶನಗಳು

1931ರ ಜನವರಿ 12ರಂದು ಪುಣೆಯ ಯೆರವಡಾ ಕಾರಾಗೃಹದಲ್ಲಿ ಸೊಲ್ಲಾಪುರದ ನಾಲ್ವರನ್ನು ಗಲ್ಲಿಗೇರಿಸಲಾಯಿತು. ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್ ಮತ್ತು ಜಗನ್ನಾಥ ಶಿಂದೆ ಎಂಬುವು ಅವರ ಹೆಸರುಗಳು. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ಸುದ್ದಿ ಬಂದಾಗ ಸೊಲ್ಲಾಪುರ ಸಿಡಿದೆದ್ದಿತು. ಕೆಲವು ದಿನಗಳ ಕಾಲ ಬ್ರಿಟಿಷರ ಆಡಳಿತ ನಗರದಲ್ಲಿ ಹೆಸರಿಗೂ ಉಳಿಯಲಿಲ್ಲ. ಕೊನೆಗೆ ಸರ್ಕಾರವು ಲಷ್ಕರಿ ಕಾಯ್ದೆಯನ್ನು ಹೇರಿ ನಗರವನ್ನು ಮತ್ತೆ ತನ್ನ ವಶಕ್ಕೆ ತೆಗೆದುಕೊಂಡಿತು. ಆ ನಾಲ್ಕು ಹೆಸರುಗಳನ್ನು ಒಮ್ಮೆ ಬಾಯಿಬಿಟ್ಟು ಓದಿದರೆ ಸಾಕು, ಅವರು ಒಂದೇ ಜಾತಿಯವರಲ್ಲ, ಒಂದೇ ಧರ್ಮದವರಲ್ಲ ಎಂಬುದು ತಾನಾಗಿ ತಿಳಿಯುತ್ತದೆ. ಅವರನ್ನು ಕೂಡಿಸಿದ್ದು ಒಂದು ತತ್ತ್ವ.

ಇಂಥ ಸಂಗತಿಯನ್ನು ಕೇಳಿದಾಗ ನಮ್ಮ ತಲೆ ತಾನಾಗಿ ಬಾಗುತ್ತದೆ. ಅದರ ಹಿಂದೆಯೇ ಒಂದು ಸಮಾಧಾನವೂ ಮನಸ್ಸಿನಲ್ಲಿ ಮೂಡುತ್ತದೆ: ‘ಅವರು ದೊಡ್ಡವರು, ಅಂಥ ಪರೀಕ್ಷೆ ನಮಗೆ ಬರುವುದಿಲ್ಲ.’ ಈ ಸಮಾಧಾನ ಸರಿಯೇ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸೋಣ. ಗಲ್ಲುಗಂಬ ಎಲ್ಲರ ಪಾಲಿಗೂ ಬರುವುದಿಲ್ಲ ಎಂಬುದು ನಿಜ. ಆದರೆ ಬರೆಯುವ ಲೆಕ್ಕ, ಕುಡಿಯುವ ನೀರು, ಆಡುವ ನುಡಿ ಎಲ್ಲರಿಗೂ ಉಂಟು. ತತ್ತ್ವದ ಪರೀಕ್ಷೆ ನಡೆಯುವುದು ಹೆಚ್ಚಾಗಿ ಈ ಮೂರು ಸಾಮಾನ್ಯ ಸ್ಥಳಗಳಲ್ಲಿಯೇ. ಇದಕ್ಕೆ ಬೇಕಾದ ನಿದರ್ಶನಗಳನ್ನು ದೂರದಿಂದ ತರಬೇಕಾಗಿಲ್ಲ. ಮಂಗಳವೇಡೆ, ಸೊಲ್ಲಾಪುರ, ವಳಸಂಗಗಳಲ್ಲಿಯೇ ಅವು ದೊರೆಯುತ್ತವೆ.

ಪದಗಳ ವಿಚಾರ

ಮೊದಲು ಪದಗಳನ್ನು ಸ್ಪಷ್ಟಪಡಿಸಿಕೊಳ್ಳೋಣ. ‘ನೀತಿ’ ಎಂಬುದು ‘ನೀ’ ಎಂಬ ಸಂಸ್ಕೃತ ಧಾತುವಿನಿಂದ ಬಂದುದು. ‘ಒಯ್ಯು’, ‘ನಡೆಸು’ ಎಂದು ಅದರ ಅರ್ಥ. ಒಬ್ಬ ಮನುಷ್ಯನನ್ನು ಸರಿದಾರಿಯಲ್ಲಿ ನಡೆಸುವುದು ನೀತಿ. ರಾಜ್ಯವನ್ನು ನಡೆಸುವುದು ರಾಜನೀತಿ. ಎರಡು ಪದಗಳಿಗೂ ಬೇರು ಒಂದೇ. ಇಂದಿನ ಬಳಕೆಯಲ್ಲಿ ‘ಅವನು ರಾಜಕೀಯ ಮಾಡುತ್ತಾನೆ’ ಎಂದರೆ ‘ನೀತಿ ಬಿಟ್ಟಿದ್ದಾನೆ’ ಎಂಬ ಧ್ವನಿ ಹೊರಡುತ್ತದೆ. ಒಂದೇ ಬೇರಿನ ಎರಡು ಕೊಂಬೆಗಳು ಅಷ್ಟು ದೂರ ಸರಿದಿವೆ.

ವಚನಕಾರರು ಈ ವಿಷಯಕ್ಕೆ ಅಚ್ಚಗನ್ನಡದ ಎರಡು ಪದಗಳನ್ನು ಬಳಸಿದರು: ‘ನಡೆ’ ಮತ್ತು ‘ನುಡಿ’. ಇವೆರಡರ ನಡುವಿನ ಅಂತರವೇ ಅವರ ನೀತಿವಿಚಾರದ ಕೇಂದ್ರ. ಯಾವ ತತ್ತ್ವ ಶ್ರೇಷ್ಠ ಎಂಬ ವಾದಕ್ಕಿಂತ, ಆಡಿದ ಮಾತು ಆಡಿದವನ ಬದುಕಿನಲ್ಲಿ ಕಾಣುತ್ತದೆಯೇ ಎಂಬ ಪ್ರಶ್ನೆಯನ್ನು ಅವರು ಮುಂದಿಟ್ಟರು. ಈ ಪ್ರಶ್ನೆಯನ್ನು ಅವರು ಮೊದಲು ತಮಗೆ ಕೇಳಿಕೊಂಡರು, ಅನಂತರ ಲೋಕಕ್ಕೆ ಕೇಳಿದರು. ವಚನಗಳಲ್ಲಿ ಬರುವ ‘ನಾನು’ ಅನೇಕ ಕಡೆ ಅಪರಾಧಿಯ ಸ್ಥಾನದಲ್ಲಿ ನಿಂತಿರುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

1. ಲೆಕ್ಕ: ಮಂಗಳವೇಡೆಯ ಕರಣಿಕ

ಇಂದು ಸೊಲ್ಲಾಪುರ ಜಿಲ್ಲೆಗೆ ಸೇರಿರುವ ಮಂಗಳವೇಡೆ 12ನೆಯ ಶತಮಾನದಲ್ಲಿ ಕಲಚುರಿಗಳ ನೆಲೆಯಾಗಿತ್ತು. ಬಸವಣ್ಣನವರ ಉದ್ಯೋಗಜೀವನ ಆರಂಭವಾದುದು ಇಲ್ಲಿ. ಹರಿಹರನ ‘ಬಸವರಾಜದೇವರ ರಗಳೆ’ಯಲ್ಲಿ, ಕೂಡಲಸಂಗಮದಿಂದ ಬಂದ ಯುವಕ ಬಸವಣ್ಣ ಕರಣಿಕರ ಲೆಕ್ಕದಲ್ಲಿದ್ದ ತಪ್ಪನ್ನು ಎತ್ತಿ ತೋರಿಸಿ ಕೆಲಸ ಪಡೆಯುವ ಪ್ರಸಂಗವಿದೆ. ಮುಂದೆ ಬಿಜ್ಜಳನ ಭಂಡಾರಿಯಾಗುವ ಮನುಷ್ಯನನ್ನು ಕವಿ ನಮಗೆ ಪರಿಚಯಿಸುವುದು ಲೆಕ್ಕ ತಪ್ಪದವನೆಂದು. ಇದು ಅರ್ಥಪೂರ್ಣವಾದ ಸಂಗತಿ.

ಆದರೆ ಇಲ್ಲಿ ಒಂದು ಕಠಿಣವಾದ ಪ್ರಶ್ನೆ ಏಳುತ್ತದೆ. ಶಿವಭಕ್ತರಲ್ಲಿ ಮೇಲು ಕೀಳಿಲ್ಲವೆಂದು ಸಾರಿದವರು, ಭಕ್ತನಲ್ಲದ ಅರಸನ ಬಳಿ ಸೇವೆ ಮಾಡಬಹುದೇ? ಅದು ಹೊಟ್ಟೆಪಾಡಿನ ರಾಜಿಯಲ್ಲವೇ? ಈ ಆಕ್ಷೇಪವನ್ನು ಎತ್ತಿದವರು ಇಂದಿನ ವಿಮರ್ಶಕರು ಮಾತ್ರವಲ್ಲ, ಬಸವಣ್ಣನವರ ಕಾಲದವರೂ ಹೌದು. ಅದಕ್ಕೆ ಅವರು ಕೊಟ್ಟ ಉತ್ತರ ಅವರ ವಚನಗಳಲ್ಲಿಯೇ ಇದೆ. ತಾನು ಅರಸನ ಸೇವೆ ಮಾಡುವುದು ಹೆಂಡಿರು ಮಕ್ಕಳ ಸುಖಕ್ಕಾಗಿ ಅಲ್ಲ, ಜಂಗಮ ದಾಸೋಹಕ್ಕಾಗಿ. ಇದರಲ್ಲಿ ಸುಳ್ಳಿದ್ದರೆ ಬರುವ ಫಲವನ್ನು ತಾನೇ ಉಣ್ಣುವೆನು ಎಂಬುದು ಆ ಉತ್ತರದ ಸಾರ.

ಈ ಉತ್ತರ ಸಾಕೇ? ಇಲ್ಲಿ ಎರಡು ನಿಲುವುಗಳು ಸಾಧ್ಯ. ಅಧಿಕಾರದ ಒಳಗಿದ್ದುಕೊಂಡು ಒಳ್ಳೆಯದನ್ನು ಮಾಡಬಹುದು, ಹೊರಗೆ ನಿಂತು ಕೇವಲ ಶುದ್ಧನಾಗಿ ಉಳಿದರೆ ಲೋಕಕ್ಕೆ ಲಾಭವಿಲ್ಲ ಎಂಬುದು ಒಂದು. ಒಳಗೆ ಹೋದವನು ಕ್ರಮೇಣ ಒಳಗಿನವನೇ ಆಗಿಬಿಡುತ್ತಾನೆ ಎಂಬುದು ಇನ್ನೊಂದು. ಎರಡಕ್ಕೂ ಆಧಾರಗಳಿವೆ. ಬಸವಣ್ಣನವರ ಬದುಕು ಈ ವಾದವನ್ನು ಎರಡು ಘಟ್ಟಗಳಲ್ಲಿ ಪರೀಕ್ಷೆಗೆ ಒಡ್ಡಿತು. ಮೊದಲನೆಯದು ಭಂಡಾರದ ಲೆಕ್ಕ. ಅವರು ಬೊಕ್ಕಸದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಚಾಡಿಕೋರರು ಅರಸನಿಗೆ ದೂರು ಹೇಳಿದರೆಂದೂ, ಎಣಿಸಿ ನೋಡಿದಾಗ ಲೆಕ್ಕ ಸರಿಯಾಗಿತ್ತೆಂದೂ ಅವರ ಚರಿತ್ರೆ ಹೇಳುವ ಕಾವ್ಯಪುರಾಣಗಳು ವರ್ಣಿಸುತ್ತವೆ. ಪುರಾಣಗಳು ಅದನ್ನು ಪವಾಡವೆಂದು ಹೇಳಲಿ. ಅದರ ಹಿಂದಿನ ನೀತಿಯ ನಿರೀಕ್ಷೆ ಸ್ಪಷ್ಟವಾಗಿದೆ. ಉದ್ದೇಶ ಎಷ್ಟೇ ಪವಿತ್ರವಾಗಿರಲಿ, ಸಾರ್ವಜನಿಕ ಹಣದ ಲೆಕ್ಕ ತಪ್ಪಕೂಡದು.

ಎರಡನೆಯ ಘಟ್ಟ ಕಲ್ಯಾಣದ ಮದುವೆ. ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಸಮಗಾರ ಹರಳಯ್ಯನವರ ಮಗನಿಗೂ ನಡೆದ ವಿವಾಹದಿಂದ ಅರಸೊತ್ತಿಗೆ ಕೆರಳಿತು, ಇಬ್ಬರು ತಂದೆಯರಿಗೂ ಎಳೆಹೂಟೆಯ ಶಿಕ್ಷೆಯಾಯಿತು, ಕಲ್ಯಾಣ ರಕ್ತಮಯವಾಯಿತು, ಬಸವಣ್ಣನವರು ಕೂಡಲಸಂಗಮಕ್ಕೆ ಮರಳಿದರು ಎಂದು ಪರಂಪರೆ ಹೇಳುತ್ತದೆ. ಒಳಗಿದ್ದು ಮಾಡಬಹುದಾದುದರ ಎಲ್ಲೆ ಅಲ್ಲಿಗೆ ಮುಗಿದಿತ್ತು. ಅಧಿಕಾರ ಮತ್ತು ತತ್ತ್ವ ಎರಡೂ ಜೊತೆಯಾಗಿ ಸಾಗುವವರೆಗೆ ಅವರು ಅಧಿಕಾರದಲ್ಲಿದ್ದರು. ಎರಡರಲ್ಲಿ ಒಂದನ್ನು ಆಯ್ದುಕೊಳ್ಳಬೇಕಾದಾಗ ಅಧಿಕಾರ ಕೈಬಿಟ್ಟಿತು, ತತ್ತ್ವ ಉಳಿಯಿತು. ರಾಜಿಗೂ ಹೊಣೆಗಾರಿಕೆಗೂ ಇರುವ ವ್ಯತ್ಯಾಸ ಇಂಥ ಗಳಿಗೆಯಲ್ಲಿ ಮಾತ್ರ ತಿಳಿಯುತ್ತದೆ. ಅದಕ್ಕೆ ಮೊದಲು ಎರಡೂ ಒಂದೇ ರೀತಿ ಕಾಣುತ್ತವೆ.

ಲೆಕ್ಕದ ವಿಚಾರ ಭಂಡಾರಿಗಳಿಗೆ ಮಾತ್ರ ಸೇರಿದ್ದಲ್ಲ. ಕಲ್ಯಾಣದಲ್ಲಿಯೇ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅವನ ಮಡದಿ ಲಕ್ಕಮ್ಮ ಅದನ್ನು ಒಳಗೆ ಇಟ್ಟುಕೊಳ್ಳಲಿಲ್ಲ. ಆಸೆ ಎಂಬುದು ಅರಸರಿಗೆ ಇರಬಹುದು, ಶಿವಭಕ್ತರಿಗೆ ಸಲ್ಲದು. ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬಾ ಎಂದಳು. ಗಮನಿಸಿ: ಆ ಅಕ್ಕಿ ಕದ್ದದ್ದಲ್ಲ, ಕೇಳುವವರು ಯಾರೂ ಇರಲಿಲ್ಲ, ಮನೆಯಲ್ಲಿ ಬಡತನವಿತ್ತು. ಆದರೂ ಅದು ಅಂದಿನ ಕಾಯಕಕ್ಕೆ ಮೀರಿದ್ದು. ಮಂತ್ರಿಯ ಬೊಕ್ಕಸಕ್ಕೂ ಬಡವಿಯ ಮೊರಕ್ಕೂ ಶರಣರು ಹಿಡಿದ ಅಳತೆ ಒಂದೇ. ‘ನನ್ನದು ಸಣ್ಣ ತಪ್ಪು’ ಎನ್ನುವವರಿಗೆ ಲಕ್ಕಮ್ಮನ ಅಂಗಳದಲ್ಲಿ ಉತ್ತರವಿದೆ.

2. ನೀರು: ಸೊನ್ನಲಿಗೆಯ ಕೆರೆಯಿಂದ ವಳಸಂಗದ ಬಾವಿಯವರೆಗೆ

ಸೊಲ್ಲಾಪುರದ ಹಳೆಯ ಹೆಸರು ಸೊನ್ನಲಿಗೆ. ಅದು ಸಿದ್ಧರಾಮರ ಊರು. ಕೆರೆ ತೋಡಿಸಿ, ಗುಡಿ ಕಟ್ಟಿಸಿ, ಲಿಂಗಗಳನ್ನು ಸ್ಥಾಪಿಸಿ ಊರನ್ನು ಬೆಳೆಸಿದ ಕರ್ಮಯೋಗಿ ಎಂದು ಅವರನ್ನು ನೆನೆಯುತ್ತೇವೆ. ಸಿದ್ಧೇಶ್ವರ ಕೆರೆ ಇಂದಿಗೂ ನಗರದ ನಡುವೆ ಇದೆ. ಸಂಕ್ರಾಂತಿಯ ಜಾತ್ರೆಯಲ್ಲಿ ನಂದಿಧ್ವಜಗಳು 68 ಲಿಂಗಗಳ ದರ್ಶನಕ್ಕೆ ಹೊರಡುವುದನ್ನು ನಮ್ಮಲ್ಲಿ ಅನೇಕರು ಬಾಲ್ಯದಿಂದ ನೋಡಿದ್ದಾರೆ.

ಸಿದ್ಧರಾಮರ ಜೀವನದ ನಿರ್ಣಾಯಕ ಘಟನೆಯನ್ನು ‘ಶೂನ್ಯಸಂಪಾದನೆ’ ನಾಟಕೀಯವಾಗಿ ಚಿತ್ರಿಸಿದೆ. ಅದು ವಚನಗಳನ್ನು ಸಂವಾದದ ರೂಪದಲ್ಲಿ ಜೋಡಿಸಿದ 15ನೆಯ ಶತಮಾನದ ಕೃತಿ ಎಂಬುದನ್ನು ಮರೆಯಬಾರದು. ಅಲ್ಲಿಯ ವಿವರಗಳನ್ನು ಇತಿಹಾಸದ ದಾಖಲೆಯಂತೆ ಓದದೆ ಸಾಹಿತ್ಯಕ ನಿರೂಪಣೆಯಾಗಿ ಓದಬೇಕು. ಕೆರೆಯ ಕೆಲಸ ನಡೆದಾಗ ಅಲ್ಲಮಪ್ರಭುಗಳು ಬಂದು ಸಿದ್ಧರಾಮರನ್ನು ಮಣ್ಣು ಹೊರುವ ಒಡ್ಡನೆಂದು ಕರೆಯುತ್ತಾರೆ. ಕೆಲಸಗಾರರು ಸಿಟ್ಟಿಗೆದ್ದು ಕಲ್ಲೆಸೆಯುತ್ತಾರೆ. ಸಿದ್ಧರಾಮರೂ ಕೆರಳಿ ಬರುತ್ತಾರೆ. ಅನಂತರ ನಡೆಯುವ ಮಾತುಕತೆಯಲ್ಲಿ ಅಲ್ಲಮರು ಎತ್ತುವ ಪ್ರಶ್ನೆ ತೀಕ್ಷ್ಣವಾದುದು: ಹೊರಗೆ ಇಷ್ಟೆಲ್ಲ ಕಟ್ಟಿದವನು ತನ್ನೊಳಗೆ ಏನನ್ನು ಕಟ್ಟಿಕೊಂಡಿದ್ದಾನೆ? ‘ನಾನು ಮಾಡಿದೆ’ ಎಂಬ ಭಾವ ಉಳಿದಿರುವವರೆಗೆ ಪುಣ್ಯಕಾರ್ಯವೂ ಒಂದು ಕಟ್ಟೇ ಅಲ್ಲವೇ?

ಇಲ್ಲಿ ನಾವು ಕಲಿಯಬೇಕಾದುದು ಅಲ್ಲಮರ ಪ್ರಶ್ನೆಗಿಂತ ಹೆಚ್ಚಾಗಿ ಸಿದ್ಧರಾಮರ ಉತ್ತರವನ್ನು. ಇಡೀ ಊರು ಗೌರವಿಸುತ್ತಿದ್ದ ಮನುಷ್ಯ, ತನ್ನ ಊರಿನಲ್ಲಿ, ತನ್ನ ಅನುಯಾಯಿಗಳ ಎದುರಿನಲ್ಲಿ, ತನ್ನ ದಾರಿ ಅಪೂರ್ಣವೆಂದು ಒಪ್ಪಿಕೊಂಡರು. ಅಲ್ಲಮರೊಡನೆ ಕಲ್ಯಾಣಕ್ಕೆ ಹೋದರು. ವಯಸ್ಸಿನಲ್ಲಿ ತಮಗಿಂತ ಕಿರಿಯರಾದ ಚೆನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆ ಪಡೆದರು. ತತ್ತ್ವನಿಷ್ಠೆಯೆಂದರೆ ಹಿಡಿದದ್ದನ್ನು ಬಿಡದ ಹಟ ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿದೆ. ಹಟಮಾರಿ ತನ್ನ ಮಾತಿಗೆ ನಿಷ್ಠ. ತತ್ತ್ವನಿಷ್ಠ ಸತ್ಯಕ್ಕೆ ನಿಷ್ಠ. ಸತ್ಯ ಇನ್ನೊಬ್ಬರ ಬಾಯಿಂದ ಬಂದಾಗ, ಅದೂ ಅವಮಾನದ ರೂಪದಲ್ಲಿ ಬಂದಾಗ, ಅದನ್ನು ಗುರುತಿಸುವವನು ಎರಡನೆಯವನು ಮಾತ್ರ. ಮುಂದೆ ಶೂನ್ಯಪೀಠವನ್ನು ಏರುವ ಅರ್ಹತೆ ಸಿದ್ಧರಾಮರಿಗೆ ಬಂದುದು ಈ ವಿನಯದಿಂದಲೇ ಎನ್ನಬಹುದು. ಅವರು ಕಟ್ಟಿಸಿದ ಕೆರೆಯೇನೂ ವ್ಯರ್ಥವಾಗಲಿಲ್ಲ. ಕರ್ತೃತ್ವದ ಅಭಿಮಾನ ಕರಗಿತು, ನೀರು ಉಳಿಯಿತು.

ಆದರೆ ನೀರಿನ ವಿಷಯದಲ್ಲಿ ಇನ್ನೊಂದು ಪ್ರಶ್ನೆ ಶತಮಾನಗಳ ಕಾಲ ಬಾಕಿ ಉಳಿಯಿತು. ಕೆರೆ ಕಟ್ಟುವುದು ಪುಣ್ಯವೆಂದು ನಾಡು ಒಪ್ಪಿತ್ತು. ಆ ನೀರನ್ನು ಮುಟ್ಟುವ ಹಕ್ಕು ಎಲ್ಲರಿಗೂ ಉಂಟು ಎಂದು ಒಪ್ಪಿರಲಿಲ್ಲ. 1923ರಲ್ಲಿ ಮುಂಬಯಿ ವಿಧಾನ ಪರಿಷತ್ತು ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ಮುಕ್ತವೆಂದು ಠರಾವು ಮಾಡಿತು. ಕೊಂಕಣದ ಮಹಾಡದ ಪುರಸಭೆಯೂ ತನ್ನ ಕೆರೆಯನ್ನು ಮುಕ್ತವೆಂದು ಘೋಷಿಸಿತು. ಕಾಗದದ ಮೇಲೆ ತತ್ತ್ವ ಗೆದ್ದಿತ್ತು. ಕೆರೆಯ ಮೆಟ್ಟಿಲಿಗೆ ಮಾತ್ರ ಅದು ಇಳಿದಿರಲಿಲ್ಲ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಸಾವಿರಾರು ಜನರೊಡನೆ ಮಹಾಡದ ಚವದಾರ ಕೆರೆಗೆ ಹೋಗಿ ನೀರು ಕುಡಿದರು. ಸವರ್ಣರು ಕೆರೆಯನ್ನು ‘ಶುದ್ಧಿ’ ಮಾಡಿದರು, ನ್ಯಾಯಾಲಯಕ್ಕೆ ಹೋದರು. ಅಂತಿಮ ತೀರ್ಪು ಅಂಬೇಡ್ಕರರ ಪರವಾಗಿ ಮುಂಬಯಿ ಉಚ್ಚ ನ್ಯಾಯಾಲಯದಿಂದ ಬಂದುದು 1937ರಲ್ಲಿ, ಹತ್ತು ವರ್ಷಗಳ ಬಳಿಕ. ಅದೇ ವರ್ಷ ಅಂಬೇಡ್ಕರರು ನಮ್ಮ ವಳಸಂಗಕ್ಕೂ ಬಂದು ಇಲ್ಲಿಯ ದಲಿತರ ಬಾವಿಯನ್ನು ಉದ್ಘಾಟಿಸಿದರು.

ವಚನಕಾರರ ಭಾಷೆಯಲ್ಲಿ ಹೇಳುವುದಾದರೆ, 1923ರ ಠರಾವು ನುಡಿ. 1927ರ ಬೊಗಸೆ ನೀರು ನಡೆ. ಇವೆರಡರ ನಡುವೆ ನಾಲ್ಕು ವರ್ಷಗಳ ಅಂತರವಿತ್ತು. ಕಲ್ಯಾಣದಿಂದ ಎಣಿಸಿದರೆ ಏಳೂವರೆ ಶತಮಾನಗಳ ಅಂತರ. ಶರಣರ ವಚನಗಳನ್ನು ಬಾಯಿಪಾಠ ಮಾಡಿದ ನಾಡಿನಲ್ಲಿಯೇ ಬಾವಿಗಳು ಬೇರೆಬೇರೆಯಾಗಿದ್ದವು ಎಂಬುದನ್ನು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳು ಸಂಕೋಚವಿಲ್ಲದೆ ಒಪ್ಪಿಕೊಳ್ಳಬೇಕು. ತತ್ತ್ವವನ್ನು ಹಾಡುವುದು ಸುಲಭವಾದಷ್ಟೂ, ಅದನ್ನು ಬದುಕಿದ್ದೇವೆಂಬ ಭ್ರಮೆಯೂ ಸುಲಭವಾಗುತ್ತದೆ.

3. ನುಡಿ: ಜಯದೇವಿತಾಯಿ ಲಿಗಾಡೆ

ಮೂರನೆಯ ನಿದರ್ಶನ ನಮಗೆ ತೀರ ಹತ್ತಿರದ್ದು. ಜಯದೇವಿತಾಯಿ ಲಿಗಾಡೆಯವರು 1912ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದರು. ಮನೆಯ ಮಾತು ಕನ್ನಡ, ಶಾಲೆಯ ಮಾತು ಮರಾಠಿ. ಈ ಸ್ಥಿತಿಯನ್ನು ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡ ಮಕ್ಕಳಿಗೆ ವಿವರಿಸಿ ಹೇಳಬೇಕಾಗಿಲ್ಲ. ಅವರು ಕನ್ನಡವನ್ನು ಸ್ವಪ್ರಯತ್ನದಿಂದ ಕಲಿತು, ಸಿದ್ಧರಾಮರ ಚರಿತ್ರೆಯನ್ನು ತ್ರಿಪದಿಯಲ್ಲಿ ಮಹಾಕೃತಿಯಾಗಿ ರಚಿಸಿದರು. ಬೀಸುವಕಲ್ಲಿನ ಮುಂದೆ ಹೆಣ್ಣುಮಕ್ಕಳು ಶತಮಾನಗಳಿಂದ ಉಳಿಸಿಕೊಂಡು ಬಂದ ಛಂದಸ್ಸನ್ನೇ ಪುರಾಣಕ್ಕೆ ಆರಿಸಿಕೊಂಡರು. ಜೊತೆಗೆ ಮರಾಠಿಯಲ್ಲಿಯೂ ಬರೆದರು. ಶರಣರ ವಚನಗಳನ್ನು ಮರಾಠಿ ಓದುಗರಿಗೆ ತಲುಪಿಸಿದರು.

ಅವರ ರಾಜಕೀಯ ನಿಲುವು ಸ್ಪಷ್ಟವಾಗಿತ್ತು: ಕನ್ನಡ ಸೀಮೆಗಳೆಲ್ಲ ಒಂದಾಗಬೇಕು, ಸೊಲ್ಲಾಪುರವೂ ಅದರಲ್ಲಿ ಸೇರಬೇಕು. ಏಕೀಕರಣಕ್ಕಾಗಿ ಅವರು ದುಡಿದರು. 1950ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೊಲ್ಲಾಪುರದಲ್ಲಿಯೇ ಜರುಗಿತು. ಆದರೆ 1956ರ ನವೆಂಬರ್ 1ರಂದು ಹೊಸ ರಾಜ್ಯ ಉದಯವಾದಾಗ ಸೊಲ್ಲಾಪುರ ಅದರ ಹೊರಗೆ ಉಳಿಯಿತು. 1960ರಲ್ಲಿ ಮಹಾರಾಷ್ಟ್ರದ ಜಿಲ್ಲೆಯಾಯಿತು. 1967ರಲ್ಲಿ ಮಹಾಜನ ಆಯೋಗ ವರದಿ ಕೊಟ್ಟಿತು. ಅದೂ ಜಾರಿಗೆ ಬರಲಿಲ್ಲ. ಬೇಡಿಕೆ ಈಡೇರಲಿಲ್ಲ ಎಂಬ ದೃಷ್ಟಿಯಿಂದ ನೋಡಿದರೆ ಅವರು ಸೋತರು.

ಇಲ್ಲಿ ‘ಬೇಡಿಕೆ’ ಮತ್ತು ‘ತತ್ತ್ವ’ ಎಂಬ ಎರಡನ್ನು ಬೇರ್ಪಡಿಸಿ ನೋಡುವುದು ಅಗತ್ಯ. ಬೇಡಿಕೆಯ ಸೋಲು ಗೆಲುವುಗಳನ್ನು ಬೇರೆಯವರು ನಿರ್ಧರಿಸುತ್ತಾರೆ: ಸರ್ಕಾರ, ಆಯೋಗ, ನ್ಯಾಯಾಲಯ. ತತ್ತ್ವದ ಸೋಲು ನಮ್ಮ ಕೈಯಿಂದ ಮಾತ್ರ ಸಾಧ್ಯ. ತಾಯಿನುಡಿಯನ್ನು ಪ್ರೀತಿಸಬೇಕು, ನೆರೆನುಡಿಯನ್ನು ದ್ವೇಷಿಸಬಾರದು ಎಂಬುದು ಜಯದೇವಿತಾಯಿಯವರ ಬದುಕಿನಿಂದ ಹೊರಡುವ ತತ್ತ್ವ. ಸೊಲ್ಲಾಪುರ ಯಾವ ರಾಜ್ಯಕ್ಕೆ ಸೇರಿದರೂ ಅದನ್ನು ಪಾಲಿಸಲು ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಅವರು ಪಾಲಿಸಿದರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಬಂದಿತು. 1915ರಿಂದ ನಡೆದುಬಂದ ಸಮ್ಮೇಳನಕ್ಕೆ ಅವರು ಮೊದಲ ಮಹಿಳಾ ಅಧ್ಯಕ್ಷೆ. ರಾಜ್ಯದ ಗಡಿ ಹೊರಗಿಟ್ಟ ಸೊಲ್ಲಾಪುರದ ಮಗಳನ್ನು ಸಾಹಿತ್ಯದ ಗಡಿ ಒಳಗಿನ ಎತ್ತರದ ಪೀಠದಲ್ಲಿ ಕೂರಿಸಿತು.

ಗಡಿನಾಡಿನಲ್ಲಿ ಭಾಷೆಯ ವಿಷಯ ಬಲುಬೇಗ ಘೋಷಣೆಯಾಗುತ್ತದೆ. ಘೋಷಣೆಗೆ ಎದುರಾಳಿ ಬೇಕು. ಅಭ್ಯಾಸಕ್ಕೆ ಎದುರಾಳಿ ಬೇಕಿಲ್ಲ. ಪುಸ್ತಕ, ಸಮಯ ಮತ್ತು ತಾಳ್ಮೆ ಸಾಕು. ಕನ್ನಡವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡ ನಾವು ನಮ್ಮನ್ನು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಸರಳವಾಗಿವೆ. ಅಂಕ ಸುಲಭವೆಂದು ಆರಿಸಿಕೊಂಡೆವೋ, ಒಲವಿನಿಂದಲೋ? ರಾಜ್ಯೋತ್ಸವದ ದಿನ ಕನ್ನಡಕ್ಕೆ ಜಯಕಾರ ಹಾಕಿ, ಮರುದಿನ ಪೇಟೆಯಲ್ಲಿ ಕನ್ನಡ ಆಡಲು ನಾಚುತ್ತೇವೆಯೇ? ಮನೆಯಲ್ಲಿ ಅಜ್ಜಿ ಹಾಡುವ ತ್ರಿಪದಿಯನ್ನು ಒಮ್ಮೆಯಾದರೂ ಬರೆದಿಟ್ಟುಕೊಂಡಿದ್ದೇವೆಯೇ? ಜೊತೆಯ ಮರಾಠಿ ಗೆಳೆಯನಿಗೆ ಒಂದು ವಚನದ ಅರ್ಥವನ್ನು ಅವನ ಭಾಷೆಯಲ್ಲಿ ತಿಳಿಸಿದ್ದೇವೆಯೇ?

ಉಪಸಂಹಾರ

ಮೂರು ನಿದರ್ಶನಗಳನ್ನು ಒಟ್ಟಿಗೆ ನೋಡಿದಾಗ ಒಂದು ಸಾಮಾನ್ಯ ಅಂಶ ಎದ್ದು ಕಾಣುತ್ತದೆ. ಪ್ರತಿಯೊಂದರಲ್ಲಿಯೂ ತತ್ತ್ವ ಮೊದಲು ಬೆಲೆ ಕೇಳಿದ್ದು ಅದನ್ನು ನುಡಿದವರನ್ನೇ. ಬಸವಣ್ಣನವರಿಂದ ಪದವಿಯನ್ನು ಕೇಳಿತು. ಲಕ್ಕಮ್ಮನಿಂದ ಒಂದು ಹೊತ್ತಿನ ಹೆಚ್ಚುವರಿ ಅಕ್ಕಿಯನ್ನು ಕೇಳಿತು. ಸಿದ್ಧರಾಮರಿಂದ ಅಭಿಮಾನವನ್ನು ಕೇಳಿತು. ಜಯದೇವಿತಾಯಿಯವರಿಂದ ಸೋಲಿನ ಕಹಿಯನ್ನು ನುಂಗುವ ಶಕ್ತಿಯನ್ನು ಕೇಳಿತು. ಯೆರವಡಾದ ನಾಲ್ವರಿಂದ ಪ್ರಾಣವನ್ನೇ ಕೇಳಿತು. ಬೆಲೆಗಳು ಬೇರೆಬೇರೆ. ಆದರೆ ಬೇರೆಯವರ ಕೈಯಿಂದ ಬೆಲೆ ಕೊಡಿಸಿ ತಾನು ತತ್ತ್ವವಾದಿ ಎನಿಸಿಕೊಂಡವರು ಇವರಲ್ಲಿ ಯಾರೂ ಇಲ್ಲ. ಸಾರ್ವಜನಿಕ ಜೀವನದಲ್ಲಿ ಕೇಳಿಬರುವ ದೊಡ್ಡ ಮಾತುಗಳನ್ನು ಅಳೆಯಲು ಇದಕ್ಕಿಂತ ನಂಬಿಗಸ್ತ ಕೋಲು ಇಲ್ಲ: ಈ ಮಾತಿಗೆ ಆಡಿದವನು ತಾನೇನು ತೆತ್ತಿದ್ದಾನೆ? ಅದೇ ಕೋಲನ್ನು ನಮ್ಮ ಕಡೆಗೂ ತಿರುಗಿಸಿಕೊಳ್ಳುವುದು ವಚನಸಾಹಿತ್ಯದ ಅಧ್ಯಯನಕ್ಕೆ ಸಲ್ಲುವ ನ್ಯಾಯ.

ಅಭ್ಯಾಸಕ್ಕಾಗಿ

1. ‘ವಚನಗಳಲ್ಲಿಯ ನಾನು’ ಎಂಬ ವಿಷಯವನ್ನು ಆತ್ಮವಿಮರ್ಶೆಯ ದೃಷ್ಟಿಯಿಂದ ವಿವರಿಸಿರಿ. ನಿಮ್ಮ ಪಠ್ಯದಲ್ಲಿರುವ ಎರಡು ವಚನಗಳನ್ನು ಆಧಾರವಾಗಿ ಬಳಸಿರಿ.
2. ಬಸವಣ್ಣನವರು ಬಿಜ್ಜಳನ ಸೇವೆಯಲ್ಲಿ ಇದ್ದುದು ರಾಜಿಯೋ ಹೊಣೆಗಾರಿಕೆಯೋ? ಎರಡೂ ಪಕ್ಷಗಳನ್ನು ಮಂಡಿಸಿ ನಿಮ್ಮ ನಿಲುವನ್ನು ತಿಳಿಸಿರಿ.
3. ಅಲ್ಲಮ–ಸಿದ್ಧರಾಮರ ಸಂವಾದದ ಹಿನ್ನೆಲೆಯಲ್ಲಿ ಹಟಕ್ಕೂ ತತ್ತ್ವನಿಷ್ಠೆಗೂ ಇರುವ ವ್ಯತ್ಯಾಸವನ್ನು ಚರ್ಚಿಸಿರಿ.
4. ವಳಸಂಗದ ಬಾವಿಯನ್ನು ಸಂದರ್ಶಿಸಿ, ಊರಿನ ಹಿರಿಯರಿಂದ ಅದರ ನೆನಪುಗಳನ್ನು ಕೇಳಿ ಕನ್ನಡದಲ್ಲಿ ಎರಡು ಪುಟಗಳಷ್ಟು ಬರೆಯಿರಿ. ಮರಾಠಿಯಲ್ಲಿ ಹೇಳಿದವರ ಮಾತನ್ನು ನೀವೇ ಅನುವಾದಿಸಿರಿ.
5. ಬೇಡಿಕೆ ಸೋತರೂ ತತ್ತ್ವ ಉಳಿದುದಕ್ಕೆ ನಿಮ್ಮ ಕುಟುಂಬದ ಅಥವಾ ಊರಿನ ಬದುಕಿನಿಂದ ಒಂದು ಉದಾಹರಣೆ ಕೊಡಿರಿ.